ತಾಳಿಕೋಟೆ ಪುಸ್ತಕ ನಂಬಬಹುದಾ? ಒಂದು ಸಂಜೆಯಲ್ಲಿ ನೀವೇ ಪರೀಕ್ಷಿಸುವ ಬಗೆ

"ಸರ್, ಈ ಪುಸ್ತಕ ನಂಬಬಹುದಾ?" ಎಂದು ಕೇಳಿ ಮುಖಪುಟದ ಫೋಟೊ ಕಳಿಸುವ ಓದುಗರು ಸಾಕಷ್ಟಿದ್ದಾರೆ. ಪುಸ್ತಕ ಬೇರೆ ಬೇರೆ, ವಿಷಯ ಮಾತ್ರ ಹೆಚ್ಚುಕಡಿಮೆ ಎರಡೇ. ಒಂದು, ದಖನ್ನಿನ ಸುಲ್ತಾನರ ಎದುರು ವಿಜಯನಗರ ಸೋತ 1565ರ ತಾಳಿಕೋಟೆ ಕದನ. ಇನ್ನೊಂದು, ಟಿಪ್ಪುವಿನ ಕಾಲದ ಯುದ್ಧಗಳು. ಮುಖಪುಟದಲ್ಲಿ ಕತ್ತಿ, ಬೆಂಕಿ, ಒಡೆದ ಗೋಪುರ. ಒಳಗೆ ಏನಿದೆಯೋ ಎಂಬ ಅಳುಕು. ಮಗಳ ಕೈಗೆ ಕೊಡಬಹುದಾ, ಶಾಲೆಯ ಲೈಬ್ರರಿಗೆ ತರಿಸಬಹುದಾ, ಊರಿನ ಜಾತ್ರೆಯ ಸ್ಮರಣ ಸಂಚಿಕೆಗೆ ಇದರಿಂದ ಎರಡು ಪುಟ ಎತ್ತಿಕೊಳ್ಳಬಹುದಾ ಎಂದು ಕೇಳುತ್ತಾರೆ.

ಎಲ್ಲ ಪುಸ್ತಕವನ್ನೂ ನಾನು ಓದಿ ಹೇಳುವುದು ಆಗದ ಮಾತು. ಅದಕ್ಕೇ ನಾನು ಪರೀಕ್ಷಿಸುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ನೀವು ಇತಿಹಾಸದ ಎಂ.ಎ. ಮಾಡಿರಬೇಕಿಲ್ಲ.

ಶುರು ಮಾಡುವ ಮುನ್ನ ಒಂದು ಮಾತು. ನಿಜ ಬರೆದರೆ ಯಾರಿಗಾದರೂ ನೋವಾಗುತ್ತದೆ, ನೋವಾಗದಂತೆ ಬರೆದರೆ ನಿಜ ಉಳಿಯುವುದಿಲ್ಲ ಎಂದು ತುಂಬ ಜನ ನಂಬಿದ್ದಾರೆ. ನನಗೆ ಹಾಗೆ ಕಂಡಿಲ್ಲ. ಸುಮ್ನೆ ನೋಯಿಸುವ ಸಾಲು ಬಹುತೇಕ ಸೋಮಾರಿ ಸಾಲೂ ಆಗಿರುತ್ತದೆ. "ಮುಸ್ಲಿಮರು ಹಂಪಿಯನ್ನು ಹಾಳು ಮಾಡಿದರು" ಎಂಬ ಸಾಲನ್ನೇ ತೆಗೆದುಕೊಳ್ಳಿ. ಯಾವ ರಾಜನ ಸೇನೆ? ಎಷ್ಟು ತಿಂಗಳು? ಯಾವ ಕಟ್ಟಡ ಬಿತ್ತು, ಯಾವುದು ಉಳಿಯಿತು? ಒಂದಕ್ಕೂ ಉತ್ತರವಿಲ್ಲ. "ಅದೆಲ್ಲ ಬರೀ ರಾಜಕೀಯ, ಧರ್ಮಕ್ಕೂ ಅದಕ್ಕೂ ಸಂಬಂಧವೇ ಇಲ್ಲ" ಎಂಬ ಸಾಲೂ ಅಷ್ಟೇ ಸೋಮಾರಿ. ಗುಡಿಗಳಿಗೆ ಪೆಟ್ಟು ಬಿದ್ದದ್ದು ಹಂಪಿಗೆ ಹೋದವರ ಕಣ್ಣಿಗೇ ಕಾಣುತ್ತದೆ. ಆ ಕಾಲದವರೇ ಯುದ್ಧವನ್ನು ಧರ್ಮದ ಮಾತಿನಲ್ಲಿ ಬಣ್ಣಿಸಿದ್ದೂ ಇದೆ.

ಬೇಕಾಗುವುದು ಇಷ್ಟು: ಪುಸ್ತಕ, ಪೆನ್ಸಿಲ್, ಒಂದು ನೋಟ್‌ಬುಕ್, ಇಂಟರ್ನೆಟ್ ಇರುವ ಫೋನ್. ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ. ಯಾರು ಹೇಳಿದ್ದು, ಯಾವಾಗ, ಯಾರ ಆಶ್ರಯದಲ್ಲಿ, ಯಾವ ಭಾಷೆಯಲ್ಲಿ. ಲೈಬ್ರರಿ ಪುಸ್ತಕವಾದರೆ ಪೆನ್ಸಿಲ್ ಗೆರೆಯನ್ನು ಆಮೇಲೆ ಅಳಿಸಿಬಿಡಿ.

1. ಪುಸ್ತಕವನ್ನು ಹಿಂದಿನಿಂದ ತೆರೆಯಿರಿ

ಮುನ್ನುಡಿ ಬಿಡಿ, ಕೊನೆಯ ಪುಟಗಳಿಗೆ ಹೋಗಿ. ಆಕರಗಳ ಪಟ್ಟಿ ಇದೆಯೇ? ಆಕರ ಎಂದರೆ ಲೇಖಕರಿಗೆ ವಿಷಯ ಸಿಕ್ಕ ಮೂಲ. ಅದು ಶಾಸನ, ಪತ್ರ, ಪ್ರವಾಸಿಯ ಬರಹ, ಆಸ್ಥಾನದ ಚರಿತ್ರೆ, ಏನಾದರೂ ಆಗಬಹುದು. ಪಟ್ಟಿ ಉದ್ದ ಇದ್ದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ನೂರು ಪುಸ್ತಕ ಹೆಸರಿಸಿ, ಒಳಗೆ ಎಲ್ಲೂ ಯಾವ ಮಾತು ಎಲ್ಲಿಂದ ಬಂತು ಎಂದು ಹೇಳದವರು ಬೇಕಾದಷ್ಟಿದ್ದಾರೆ.

ಒಂದು ಸುಲಭ ಪರೀಕ್ಷೆ. "ಶಾಸನವೊಂದು ಹೇಳುತ್ತದೆ" ಎಂಬ ಮಾತು ಹುಡುಕಿ. ನಮ್ಮ ರಾಜ್ಯದ ಶಾಸನಗಳು 1886ರಿಂದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಲ್ಲಿ ತಾಲ್ಲೂಕುವಾರು ನಂಬರ್ ಸಮೇತ ಅಚ್ಚಾಗುತ್ತ ಬಂದಿವೆ. ನಿಜವಾಗಿ ನೋಡಿದವರಿಗೆ ತಾಲ್ಲೂಕು, ನಂಬರ್ ಬರೆಯುವುದು ಅರ್ಧ ನಿಮಿಷದ ಕೆಲಸ. ಅದಿಲ್ಲದ "ಶಾಸನ ಹೇಳುತ್ತದೆ" ಸಾಲಿನ ಪಕ್ಕ ಒಂದು ಪ್ರಶ್ನೆ ಗುರುತು ಹಾಕಿ ಮುಂದೆ ಹೋಗಿ.

2. ಒಂದು ಮಾತನ್ನು ಹಿಡಿದು ಅದರ ಬೇರಿನವರೆಗೆ ಹೋಗಿ

ಎಲ್ಲ ಮಾತನ್ನೂ ಪರೀಕ್ಷಿಸಲು ಆಗುವುದಿಲ್ಲ. ಓದುವಾಗ ಯಾವ ಸಾಲಿಗೆ ರಕ್ತ ಕುದಿಯುತ್ತದೋ ಆ ಸಾಲನ್ನೇ ಆರಿಸಿ. ಅಂಥವನ್ನು ಮೂರು ಸಾಲು ಬೇರಿನವರೆಗೆ ನೋಡಿದರೆ ಪುಸ್ತಕದ ಯೋಗ್ಯತೆ ಗೊತ್ತಾಗುತ್ತದೆ.

ತಾಳಿಕೋಟೆಗೆ ಬಂದರೆ, ಕನ್ನಡದ ಜನಪ್ರಿಯ ಪುಸ್ತಕಗಳಲ್ಲಿ ಕಾಣುವ ವಿವರ ಎಷ್ಟೋ ಸಲ ಒಂದೇ ದಾರಿಯಲ್ಲಿ ಬಂದಿರುತ್ತದೆ. ಫಿರಿಷ್ತಾ ಎಂಬ ಚರಿತ್ರಕಾರ ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ ಫಾರಸಿಯಲ್ಲಿ ಬರೆದ. ಕದನ ನಡೆದು ಆಗಲೇ ಸುಮಾರು 40 ವರ್ಷ ಕಳೆದಿತ್ತು. ಜಾನ್ ಬ್ರಿಗ್ಸ್ ಎಂಬ ಇಂಗ್ಲಿಷ್ ಸೇನಾಧಿಕಾರಿ ಅದನ್ನು 1829ರಲ್ಲಿ ಇಂಗ್ಲಿಷಿಗೆ ತಂದ. ಮದ್ರಾಸಿನಲ್ಲಿ ಅಧಿಕಾರಿಯಾಗಿದ್ದ ರಾಬರ್ಟ್ ಸೀವೆಲ್ 1900ರಲ್ಲಿ ವಿಜಯನಗರದ ಬಗ್ಗೆ ಪುಸ್ತಕ ಬರೆದಾಗ ಫಿರಿಷ್ತಾನನ್ನು ಧಾರಾಳವಾಗಿ ಬಳಸಿದ. ಅಲ್ಲಿಂದ ಕನ್ನಡಕ್ಕೆ. ಅಂದರೆ ನೀವು ಓದುತ್ತಿರುವುದು ನಾಲ್ಕನೇ ಕೈ. ಪ್ರತಿ ಕೈಯಲ್ಲೂ ಒಂದಿಷ್ಟು ಉಪ್ಪುಖಾರ ಸೇರಿದೆ. ಸೈನಿಕರು ಕತ್ತಿ, ಬೆಂಕಿ, ಹಾರೆ, ಕೊಡಲಿ ಹಿಡಿದು ದಿನದಿನವೂ ನಗರ ಕೆಡವಿದರು ಎಂಬ ಬಣ್ಣನೆ ಓದಿದ್ದೀರಿ ಅಲ್ವಾ? ಆ ಧಾಟಿ ಸೀವೆಲ್‌ನದು. ಕದನವಾಗಿ 335 ವರ್ಷದ ಮೇಲೆ ಬರೆದದ್ದು. ಅದನ್ನು ಕಣ್ಣಾರೆ ಕಂಡವರ ಮಾತು ಎಂಬಂತೆ ಅಚ್ಚುಹಾಕುವುದು ತಪ್ಪು.

ಇನ್ನು ದ್ರೋಹದ ಕಥೆ. ವಿಜಯನಗರದ ಅಧಿಕಾರ ಹಿಡಿದಿದ್ದ ರಾಮರಾಯನ ಸೇನೆಯಲ್ಲಿದ್ದ ಇಬ್ಬರು ಮುಸ್ಲಿಂ ನಾಯಕರು ಯುದ್ಧದ ನಡುವೆ ಪಕ್ಷ ಬದಲಿಸಿದರು ಎಂಬುದು ಹೆಚ್ಚುಕಡಿಮೆ ಎಲ್ಲ ಜನಪ್ರಿಯ ಪುಸ್ತಕದಲ್ಲೂ ಇದೆ. ಇದರ ಬೇರು ವೆನಿಸ್‌ನ ವ್ಯಾಪಾರಿ ಚೆಸಾರೆ ಫೆಡೆರಿಚಿ. ನಮ್ಮ ಹಳೆಯ ಪುಸ್ತಕಗಳಲ್ಲಿ ಇವನು ಸೀಸರ್ ಫ್ರೆಡೆರಿಕ್. 1567ರಲ್ಲಿ ವಿಜಯನಗರಕ್ಕೆ ಬಂದು ಏಳು ತಿಂಗಳು ಇದ್ದ. ಇಬ್ಬರು ನಾಯಕರಿದ್ದರು, ಒಬ್ಬೊಬ್ಬರ ಕೈಕೆಳಗೆ 70–80 ಸಾವಿರ ಜನ ಇದ್ದರು, ಶತ್ರುಗಳದೇ ಧರ್ಮದವರಾದ್ದರಿಂದ ಅವರೊಂದಿಗೆ ಕೈಜೋಡಿಸಿದರು ಎಂದು ಅವನು ಬರೆದಿದ್ದಾನೆ. ನಾಲ್ಕು ಕಾಲಂ ತುಂಬಿಸಿ ನೋಡಿ. ಕದನವಾಗಿ ಎರಡೇ ವರ್ಷ, ಅದು ಅವನ ಪರ. ಆದರೆ ರಣರಂಗದಲ್ಲಿ ಅವನು ಇರಲಿಲ್ಲ. ಕಥೆ ಕೇಳಿದ್ದು ಸೋತ ಊರಿನಲ್ಲಿ. ಸೋತವರು ದ್ರೋಹದ ಮಾತು ಆಡುವುದು ಲೋಕರೂಢಿ. ಹಾಗೆಂದು ದ್ರೋಹ ಆಗಲೇ ಇಲ್ಲ ಎನ್ನಲೂ ಬರುವುದಿಲ್ಲ. "ಫೆಡೆರಿಚಿ ಹೀಗೆ ಕೇಳಿದ್ದಾನೆ" ಎಂದು ಬರೆದವರು ಸರಿ. "ಹೀಗೇ ಆಯಿತು" ಎಂದು ಬರೆದವರು ಅವಸರದವರು.

ಅದೇ ಕಥೆಯಲ್ಲಿ "ಗಿಲಾನಿ ಸಹೋದರರು" ಎಂಬ ಹೆಸರು ಬಂದರೆ ಪೆನ್ಸಿಲ್ ಎತ್ತಿ. ಫೆಡೆರಿಚಿ ಯಾರ ಹೆಸರನ್ನೂ ಹೇಳಿಲ್ಲ. ಹಿಂದೊಮ್ಮೆ ನಾನೂ ಒಂದು ಲೇಖನದಲ್ಲಿ ಆ ಹೆಸರನ್ನು ಅವನ ಬಾಯಿಗೆ ತುರುಕಿದ್ದೆ. ನಿವೃತ್ತ ಮೇಷ್ಟ್ರೊಬ್ಬರು ಕಾರ್ಡ್ ಬರೆದು "ಹೆಸರು ಎಲ್ಲಿ ಸಿಕ್ಕಿತು?" ಎಂದು ಕೇಳಿದಾಗ ಉತ್ತರ ಇರಲಿಲ್ಲ.

*ಎಚ್ಚರ:* ಹತ್ತು ಪುಸ್ತಕದಲ್ಲಿ ಇದೆ ಎಂದರೆ ಹತ್ತು ಸಾಕ್ಷಿ ಎಂದಲ್ಲ. ಹತ್ತೂ ಒಂದರಿಂದಲೇ ನಕಲಾಗಿರಬಹುದು.

3. ಯಾರು ಯಾರ ಕಡೆ ಇದ್ದರು, ಪಟ್ಟಿ ಮಾಡಿ

ನನಗೆ ಅತಿ ಇಷ್ಟದ ಹಂತ ಇದು. ಒಂದು ಹಾಳೆಯ ನಡುವೆ ಗೆರೆ ಎಳೆದು, ಪುಸ್ತಕ ಹೇಳುವ ಎರಡು ಪಕ್ಷಗಳನ್ನು ಅತ್ತ ಇತ್ತ ಬರೆಯಿರಿ. ಪುಸ್ತಕ "ಹಿಂದೂಗಳು–ಮುಸ್ಲಿಮರು" ಎಂದು ಬರೆದಿದ್ದರೂ ನೀವು ರಾಜರ, ಸೇನಾಪತಿಗಳ ಹೆಸರನ್ನೇ ಬರೆಯಿರಿ.

1565ರ ಜನವರಿ 23ರಂದು ಒಂದು ಕಡೆ ವಿಜಯನಗರ. ಹೆಸರಿಗೆ ಅರಸ ಸದಾಶಿವರಾಯ, ಅಧಿಕಾರವೆಲ್ಲ ಕೃಷ್ಣದೇವರಾಯನ ಅಳಿಯ ರಾಮರಾಯನದು. ಎದುರಿಗೆ ಬಿಜಾಪುರದ ಅಲಿ ಆದಿಲ್ ಶಾಹ, ಅಹ್ಮದ್‌ನಗರದ ಹುಸೇನ್ ನಿಜಾಮ್ ಶಾಹ, ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹ, ಬೀದರಿನ ಅಲಿ ಬರೀದ್ ಶಾಹ. ದಖನ್ನಿನಲ್ಲಿ ಸುಲ್ತಾನರ ರಾಜ್ಯಗಳು ಐದು. ಐದನೆಯ ಬೇರಾರ್ ಈ ಕೂಟಕ್ಕೆ ಬರಲೇ ಇಲ್ಲ. "ಐವರು ಸುಲ್ತಾನರು ಒಂದಾಗಿ" ಎಂದು ಪುಸ್ತಕದಲ್ಲಿದ್ದರೆ ಅಲ್ಲೇ ಒಂದು ಗುರುತು ಹಾಕಿ.

ಈಗ ಅದೇ ಜನ ಅದಕ್ಕೂ ಮುಂಚೆ ಏನು ಮಾಡುತ್ತಿದ್ದರು ನೋಡಿ. ಇಬ್ರಾಹಿಂ ಕುತುಬ್ ಶಾಹ ಪಟ್ಟಕ್ಕೆ ಬರುವ ಮುನ್ನ ಸುಮಾರು ಏಳು ವರ್ಷ ವಿಜಯನಗರದಲ್ಲೇ ಆಶ್ರಯ ಪಡೆದಿದ್ದ. ತೆಲುಗು ಕವಿಗಳಿಗೆ ಅವನು "ಮಲ್ಕಿಭರಾಮ". ರಾಮರಾಯನ ಮಗ ತೀರಿಕೊಂಡಾಗ ಅಲಿ ಆದಿಲ್ ಶಾಹ ತಾನೇ ವಿಜಯನಗರಕ್ಕೆ ಮಾತಾಡಿಸಲು ಬಂದ, ರಾಮರಾಯನ ಹೆಂಡತಿ ಅವನನ್ನು ಮಗ ಎಂದು ಕರೆದಳು ಎನ್ನುತ್ತಾನೆ ಫಿರಿಷ್ತಾ. ಇದೇ ಅಲಿಯೂ ರಾಮರಾಯನೂ ಸೇರಿ ಹುಸೇನನ ಅಹ್ಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದರು. ಆ ದಂಡಿನಲ್ಲಿ ವಿಜಯನಗರದ ಸೈನಿಕರು ಮಸೀದಿಗಳಿಗೆ ಅವಮಾನ ಮಾಡಿದರು, ಅದೇ ಮುಂದಿನ ಕೂಟಕ್ಕೆ ಕಾರಣ ಎಂಬುದೂ ಫಿರಿಷ್ತಾನದೇ ಮಾತು. ಬರೆದವನು ಬಿಜಾಪುರದ ಆಶ್ರಯದಲ್ಲಿದ್ದ, ತನ್ನ ದೊರೆಯ ಮನೆತನ ಹಳೆಯ ಸ್ನೇಹ ಮುರಿದದ್ದಕ್ಕೆ ಅವನಿಗೆ ಒಂದು ಒಳ್ಳೆಯ ಕಾರಣ ಬೇಕಿತ್ತು ಎಂಬುದನ್ನೂ ಕಾಲಂನಲ್ಲಿ ಬರೆದಿಡಿ. ಆಮೇಲೆ ಬೀಗತನ ಆಯಿತು. ಹುಸೇನನ ಮಗಳು ಚಾಂದ್ ಬೀಬಿ ಅಲಿಯ ಕೈಹಿಡಿದಳು, ಬಳುವಳಿಯಾಗಿ ಸೊಲ್ಲಾಪುರದ ಕೋಟೆ ಬಂತು. ಆ ಕೋಟೆಗಾಗಿ ಎರಡೂ ಮನೆತನ ವರ್ಷಗಟ್ಟಲೆ ಹೊಡೆದಾಡಿದ್ದವು.

ಕದನವನ್ನು "ಧರ್ಮಯುದ್ಧ" ಎಂದು ಒಂದೇ ಪದದಲ್ಲಿ ಮುಗಿಸುವ ಪುಸ್ತಕಕ್ಕೆ ಈ ಸಂಗತಿಗಳು ತೊಡಕು. ಅದಕ್ಕೇ ಬಿಟ್ಟುಬಿಡುತ್ತಾರೆ. "ಎಲ್ಲರೂ ಅಣ್ಣತಮ್ಮಂದಿರಂತಿದ್ದರು" ಎಂದು ಬರೆಯುವವರಿಗೆ ಕದನದ ಆಮೇಲಿನ ಲೂಟಿ, ರಾಮರಾಯನ ತಲೆ ಕಡಿಸಿದ್ದು ತೊಡಕು. ಅವರು ಅದನ್ನು ಬಿಡುತ್ತಾರೆ. ಏನು ಬಿಟ್ಟಿದ್ದಾರೆ ಎಂದು ಪಟ್ಟಿ ಮಾಡಿದರೆ ಪುಸ್ತಕ ಯಾವ ಕಡೆ ವಾಲಿದೆ ಎಂದು ತಾನಾಗೇ ತಿಳಿಯುತ್ತದೆ.

1790–92ರ ಮೂರನೇ ಮೈಸೂರು ಯುದ್ಧಕ್ಕೂ ಇದೇ ಪಟ್ಟಿ ಮಾಡಿ. ಒಂದು ಕಡೆ ಟಿಪ್ಪು, ಅವನ ಖಜಾನೆ ನೋಡಿಕೊಳ್ಳುತ್ತಿದ್ದ ಮಾಧ್ವ ಬ್ರಾಹ್ಮಣ ಪೂರ್ಣಯ್ಯ. ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, ಪುಣೆಯ ಪೇಶ್ವೆ, ಹೈದರಾಬಾದಿನ ನಿಜಾಮ. ಧರ್ಮದ ಗೆರೆ ಎಳೆಯಲು ಹೊರಟರೆ ಹಾಳೆ ಹರಿದೇ ಹೋಗುತ್ತದೆ.

4. ವಾಕ್ಯದ ಕರ್ತೃವಿಗೆ ಗೆರೆ ಎಳೆಯಿರಿ

ಶಾಲೆಯ ವ್ಯಾಕರಣ ನೆನಪಿದೆಯಲ್ಲ. ಕೆಲಸ ಮಾಡಿದವನು ಕರ್ತೃ. ಕೊಂದರು, ಸುಟ್ಟರು, ಒಡೆದರು, ಮತಾಂತರ ಮಾಡಿದರು ಎಂಬ ಕ್ರಿಯಾಪದ ಬಂದಲ್ಲೆಲ್ಲ ಕರ್ತೃ ಯಾರು ನೋಡಿ. ಒಬ್ಬ ಸೇನಾಪತಿಯೋ, ಒಂದು ತುಕಡಿಯೋ, ಇಡೀ ಸಮುದಾಯವೋ? ಇಡೀ ಸಮುದಾಯವಾದರೆ ಅದು ತಪ್ಪು. ಯಾವ ಯುದ್ಧದಲ್ಲೂ ಇಡೀ ಸಮುದಾಯ ಕತ್ತಿ ಹಿಡಿದು ಹೋಗಿಲ್ಲ. ಆಗಿನ ತಪ್ಪು ಸಾಲು ಇವತ್ತು ಪಕ್ಕದ ಬೀದಿಯ ಪಂಕ್ಚರ್ ಅಂಗಡಿಯವನ ಮೇಲೆ ಬೀಳುತ್ತದೆ.

ಶೃಂಗೇರಿಯ ಉದಾಹರಣೆ ನೋಡಿ. 1791ರಲ್ಲಿ ಶೃಂಗೇರಿ ಮಠ ಲೂಟಿಯಾಯಿತು. ಜನ ಸತ್ತರು, ಶಾರದಾಂಬೆಯ ಮೂರ್ತಿಯನ್ನು ಪೀಠದಿಂದ ಕಿತ್ತರು. ಒಂದು ಬಗೆಯ ಪುಸ್ತಕ ಇದನ್ನು ಹೇಳುವುದೇ ಇಲ್ಲ. ಇನ್ನೊಂದು ಬಗೆಯದು "ಮರಾಠರು ಶೃಂಗೇರಿ ಲೂಟಿ ಮಾಡಿದರು" ಎಂದು ಖುಷಿಯಿಂದ ಬರೆಯುತ್ತದೆ. ಬೆಳಗಾವಿ ಕಡೆಯ ಮರಾಠ ಹುಡುಗನೊಬ್ಬ ಓದಿದರೆ ಅವನಿಗೇನು ಅನ್ನಿಸಬೇಡ? ಸರಿಯಾದ ಕರ್ತೃ ಹೀಗೆ: ಪೇಶ್ವೆಯ ಸರದಾರ ಪರಶುರಾಮ ಭಾವು ಪಟವರ್ಧನನ ಸೇನೆಯ ಜೊತೆಗಿದ್ದ ಪಿಂಡಾರಿಗಳು. ಪಿಂಡಾರಿ ಎಂದರೆ ಸೇನೆಯ ಹಿಂದೆ ಮುಂದೆ ಸುತ್ತುತ್ತ, ಸಂಬಳಕ್ಕಿಂತ ಲೂಟಿಯನ್ನೇ ನೆಚ್ಚಿದ ಸವಾರ. ಅವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಹೀಗೆ ಬರೆದರೆ ಸರದಾರನ ಹೊಣೆ ಕಡಿಮೆಯಾಗುವುದಿಲ್ಲ. ಮೂರನೆಯವರ ತಲೆಗೆ ಮಾತ್ರ ಬರುವುದಿಲ್ಲ.

ಆಮೇಲಿನ ಕಥೆ ಟಿಪ್ಪುವಿನದು. ಮೈಸೂರು ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ 1916ರಲ್ಲಿ ಮಠದ ಕಡತಗಳಲ್ಲಿ ಟಿಪ್ಪುವಿನ ಸುಮಾರು 30 ಕನ್ನಡ ಪತ್ರಗಳನ್ನು ಕಂಡರು. ಮೂರ್ತಿಯ ಮರುಪ್ರತಿಷ್ಠೆಗೆ 200 ರಾಹತಿ ನಗದು, ಅಷ್ಟೇ ಬೆಲೆಯ ಸಾಮಾನು ಕೊಡಿ ಎಂದು ಬಿದನೂರಿನ ಅಧಿಕಾರಿಗೆ ಆಜ್ಞೆ ಹೋಗಿತ್ತು. ರಾಹತಿ ಆಗಿನ ಒಂದು ನಾಣ್ಯ. ಸ್ವಾಮಿಗಳಿಗೆ ಬರೆದ ಪತ್ರದಲ್ಲಿ "ಹಸದ್ಭಿಃ ಕ್ರಿಯತೇ ಕರ್ಮ ರುದದ್ಭಿರನುಭೂಯತೇ" ಎಂಬ ಸಾಲೂ ಇದೆ. ನಗುತ್ತ ಮಾಡಿದ ಪಾಪವನ್ನು ಅಳುತ್ತ ಉಣ್ಣುತ್ತಾರೆ ಎಂದು ಅರ್ಥ.

ಇಷ್ಟನ್ನೇ ಓದಿ ಪುಸ್ತಕ ಮುಚ್ಚಿದರೆ ಒಬ್ಬ ಟಿಪ್ಪು ಸಿಗುತ್ತಾನೆ. 1784ರಲ್ಲಿ ಮಂಗಳೂರಿನ ಕಡೆಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು, ಕೊಡಗಿನವರನ್ನು ಊರು ಬಿಡಿಸಿದ್ದು, ಮಲಬಾರಿನ ಮತಾಂತರದ ಬಗ್ಗೆ ಅವನೇ ಬರೆಸಿದ ಪತ್ರಗಳು, ಇವನ್ನೇ ಓದಿದರೆ ಇನ್ನೊಬ್ಬ ಟಿಪ್ಪು. ಎರಡೂ ಅವನೇ. ಎರಡನ್ನೂ ಒಂದೇ ಅಧ್ಯಾಯದಲ್ಲಿ ಇಡುವ ಧೈರ್ಯ ಲೇಖಕರಿಗಿದೆಯೇ, ಹುಡುಕಿ. ಕೊಡಗಿನ, ಮಂಗಳೂರಿನ ಓದುಗರಿಗೆ ಶೃಂಗೇರಿಯ ಪತ್ರ ತೋರಿಸಿ ಬಾಯಿ ಮುಚ್ಚಿಸುವುದು ಇತಿಹಾಸವಲ್ಲ. ಶೃಂಗೇರಿಯ ಪತ್ರ "ಸುಳ್ಳು ನಾಟಕ" ಎಂದು ಒಂದೇ ಸಾಲಿನಲ್ಲಿ ತಳ್ಳಿಹಾಕುವುದೂ ಅಲ್ಲ.

*ಎಚ್ಚರ:* ಕರ್ತೃವೇ ಇಲ್ಲದ ವಾಕ್ಯಗಳನ್ನೂ ಗಮನಿಸಿ. "ಗುಡಿಗಳು ನಾಶವಾದವು", "ಹಲವರು ಪ್ರಾಣ ಕಳೆದುಕೊಂಡರು". ತಮಗೆ ಬೇಕಾದವರು ತಪ್ಪು ಮಾಡಿದಾಗ ಲೇಖಕರು ಹೀಗೆ ಜಾರಿಕೊಳ್ಳುತ್ತಾರೆ. ಒಂದು ಅಧ್ಯಾಯದಲ್ಲಿ "ಕೊಂದರು", ಇನ್ನೊಂದರಲ್ಲಿ "ಸಾವು ಸಂಭವಿಸಿತು" ಎಂದಿದ್ದರೆ ಲೇಖಕರ ಒಲವು ಅಲ್ಲೇ ಸಿಕ್ಕಿತು.

5. ಹಳೆಯ ಬೈಗುಳ, ಹಳೆಯ ಬಿರುದು

ಹಳೆಯ ಫಾರಸಿ ಚರಿತ್ರೆಗಳಲ್ಲಿ ಎದುರಾಳಿ "ಕಾಫಿರ". ಸತ್ತರೆ ಅವನು ನರಕಕ್ಕೆ ಹೋದ, ನಮ್ಮವನು ಸತ್ತರೆ ಸ್ವರ್ಗಕ್ಕೆ. ಇದು ಆ ಬರಹದ ಸವೆದ ಅಚ್ಚು, ನಮ್ಮ ವೀರಗಲ್ಲಿನಲ್ಲಿ ಸತ್ತವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವಂತೆ. ಸಂಸ್ಕೃತದಲ್ಲೂ ಅದೇ ಬಗೆ: ಮ್ಲೇಚ್ಛ, ಯವನ, ತುರುಷ್ಕ. ಯವನ ಎಂದರೆ ಮೊದಲಿಗೆ ಗ್ರೀಕರು, ಆಮೇಲೆ ಪಶ್ಚಿಮದಿಂದ ಬಂದವರೆಲ್ಲ ಯವನರಾದರು.

ಕನ್ನಡದಲ್ಲಿ ಜಾಸ್ತಿ ಎಡವುವುದು "ತುರುಕ" ಪದದಲ್ಲಿ. ಶಾಸನದಲ್ಲಿ ಅದು ತುರ್ಕರನ್ನು ಗುರುತಿಸುವ ಪದ. ಇವತ್ತಿನ ಬೀದಿಯಲ್ಲಿ ಅದು ಬೈಗುಳ. ಶಾಸನದ ಸಾಲನ್ನು ಉದ್ಧರಿಸುವಾಗ ಪದವನ್ನು ಹಾಗೇ ಇಡಬೇಕು, ತಿದ್ದಬಾರದು. ಲೇಖಕರು ತಮ್ಮದೇ ವಾಕ್ಯದಲ್ಲಿ ಅದನ್ನೇ ಬಳಸಿದರೆ "ಶಾಸನದಲ್ಲೇ ಇದೆ" ಎಂಬುದು ಬರೀ ನೆಪ. ಉದ್ಧರಣ ಚಿಹ್ನೆಯ ಒಳಗಿದೆಯೇ ಹೊರಗಿದೆಯೇ, ಅಷ್ಟು ನೋಡಿದರೆ ಸಾಕು.

ಬಿರುದುಗಳಲ್ಲಿ ಇನ್ನೊಂದು ಮಜಾ ಇದೆ. ವಿಜಯನಗರದ ಮೊದಲ ಅರಸರೇ "ಹಿಂದೂರಾಯ ಸುರತ್ರಾಣ" ಎಂದು ಕರೆದುಕೊಂಡರು. ಸುರತ್ರಾಣ ಎಂದರೆ ಸುಲ್ತಾನ ಎಂಬುದರ ಸಂಸ್ಕೃತ ವೇಷ. ಬಿಡಿಸಿ ಓದಿದರೆ "ದೇವತೆಗಳನ್ನು ಕಾಯುವವನು" ಎಂದೂ ಆಗುತ್ತದೆ. ಹಿಂದೂ ರಾಜರಲ್ಲಿ ತಾನು ಸುಲ್ತಾನ ಎಂದು ಹೆಮ್ಮೆಪಟ್ಟವರ ನಗರದಲ್ಲೇ, 1439ರಲ್ಲಿ, ಎರಡನೇ ದೇವರಾಯನ ಅಧಿಕಾರಿ ಅಹಮದ್ ಖಾನ್ ಮಸೀದಿ ಕಟ್ಟಿಸಿ ಅದನ್ನು ಶಾಸನದಲ್ಲಿ "ಧರ್ಮಸಾಲೆ" ಎಂದು ಕರೆದ. ಇಂಥ ವಿವರ ಪುಸ್ತಕದಲ್ಲಿದ್ದರೆ ಲೇಖಕರು ಶಾಸನ ಓದಿದ್ದಾರೆ ಎಂದು ನಾನು ಅರ್ಧ ನಂಬುತ್ತೇನೆ.

ಇಲ್ಲೇ ಇನ್ನೊಂದು ಚಿಕ್ಕ ಪರೀಕ್ಷೆ. ದರ್ಗಾವನ್ನು ಮಸೀದಿ ಎಂದಿದ್ದಾರೆಯೇ? ದರ್ಗಾ ಸಂತರ ಗೋರಿ ಇರುವ ಜಾಗ, ಮಸೀದಿ ನಮಾಜಿನ ಜಾಗ. ಬಸದಿಯನ್ನು ದೇವಸ್ಥಾನ, ಲಿಂಗಾಯತ ಮಠವನ್ನು ಬ್ರಾಹ್ಮಣ ಮಠ ಎಂದಿದ್ದಾರೆಯೇ? ಬೇರೆಯವರ ಪೂಜೆಯ ಜಾಗದ ಹೆಸರನ್ನೇ ತಿಳಿಯದವರು ಅದು ಹೇಗೆ ಹಾಳಾಯಿತು ಎಂದು ಬರೆದರೆ ಎಷ್ಟು ನಂಬೋಣ?

6. ಲೆಕ್ಕ ಹಾಕಿ

ಪೋರ್ಚುಗೀಸ್ ಚರಿತ್ರಕಾರ ಕೂಟೊ ರಾಮರಾಯನ ಸೇನೆಗೆ 6 ಲಕ್ಷ ಕಾಲಾಳು, 1 ಲಕ್ಷ ಕುದುರೆ ಕೊಡುತ್ತಾನೆ. ಸತ್ತವರು 1 ಲಕ್ಷ ಎನ್ನುತ್ತಾನೆ ಫಿರಿಷ್ತಾ. ಎರಡನ್ನೂ ಯಾರೂ ಎಣಿಸಿರಲಿಲ್ಲ. ಮೇವಿನ ಲೆಕ್ಕ ಹಾಕಿ. ಕುದುರೆಗೆ ದಿನಕ್ಕೆ 10 ಕೆ.ಜಿ. ಒಣಮೇವು ಎಂದಿಟ್ಟುಕೊಂಡರೆ ಲಕ್ಷ ಕುದುರೆಗೆ 1,000 ಟನ್. ಒಂದು ಎತ್ತಿನ ಗಾಡಿಗೆ ಒಂದು ಟನ್ ಹೇರಿದರೂ ದಿನಕ್ಕೆ ಸಾವಿರ ಗಾಡಿ, ವಾರಗಟ್ಟಲೆ, ಕೃಷ್ಣೆಯ ದಂಡೆಯ ಆ ಬಯಲಿಗೆ. ದೊಡ್ಡ ಸೇನೆ ಇತ್ತು, ಅಪಾರ ಜನ ಸತ್ತರು. ಅಷ್ಟು ಗಟ್ಟಿ. ಸಂಖ್ಯೆಯನ್ನು "ಕೂಟೊ ಹೇಳುವಂತೆ" ಎಂಬ ಬಾಲ ಇಲ್ಲದೆ ಬರೆದರೆ ಗುರುತು ಹಾಕಿ. ಮಂಗಳೂರಿನ ಸೆರೆಯವರ ಸಂಖ್ಯೆಯೂ ಬೇರೆ ಬೇರೆ ಕಡೆ 30 ಸಾವಿರದಿಂದ 80 ಸಾವಿರದವರೆಗೆ ಓಡಾಡುತ್ತದೆ. ದೊಡ್ಡದನ್ನೇ ಆರಿಸಿದರೋ, ಚಿಕ್ಕದನ್ನೇ ಆರಿಸಿದರೋ, ಎರಡನ್ನೂ ಕೊಟ್ಟರೋ ನೋಡಿ.

ತಾರೀಖಿನಲ್ಲಿ ಕಳ್ಳಹೆಜ್ಜೆ ಇನ್ನೂ ಸುಲಭವಾಗಿ ಸಿಗುತ್ತದೆ. ತಾಳಿಕೋಟೆ ಕದನ ಹಿಜರಿ 972ರಲ್ಲಿ. ಹಿಜರಿ ವರ್ಷ ಚಂದ್ರನದು, 354 ದಿನ ಚಿಲ್ಲರೆ. ಅದಕ್ಕೆ 622 ಕೂಡಿಸಿದರೆ 1594 ಬರುತ್ತದೆ, ತಪ್ಪು. 972ನ್ನು 0.97ರಿಂದ ಗುಣಿಸಿ ಆಮೇಲೆ 622 ಕೂಡಿಸಿ. 1564ರ ಕೊನೆಯ ಹತ್ತಿರ ಬರುತ್ತದೆ, ಸರಿ. ಶಕವರ್ಷ 1486, ರಕ್ತಾಕ್ಷಿ ಸಂವತ್ಸರ. 78 ಕೂಡಿಸಿದರೆ 1564. ಆದರೆ ಜನವರಿಯಿಂದ ಯುಗಾದಿಯವರೆಗಿನ ದಿನಗಳಿಗೆ 79 ಕೂಡಿಸಬೇಕು, ಆಗ 1565. ಈ ಒಂದು ವರ್ಷದ ಎಡವಟ್ಟು ನಮ್ಮ ಸ್ಮರಣ ಸಂಚಿಕೆಗಳಲ್ಲಿ ಮಾಮೂಲು.

ಜಾಗದ ಹೆಸರೂ ನೋಡಿ. ತಾಳಿಕೋಟೆಯಲ್ಲಿ ಸುಲ್ತಾನರ ಸೇನೆಗಳು ಕೂಡಿದವು, ಕಾದಾಟ ನಡೆದದ್ದು ಅಲ್ಲಿ ಅಲ್ಲ. ರಕ್ಕಸಗಿ, ತಂಗಡಗಿ ಎಂಬ ಎರಡು ಊರುಗಳ ಹೆಸರು ಸೇರಿ ಕದನದ ಇನ್ನೊಂದು ಹೆಸರು "ರಕ್ಕಸತಂಗಡಿ" ಆಯಿತು. ಅದಕ್ಕೆ ರಾಕ್ಷಸರ ಕಥೆ ಕಟ್ಟಿದವರೂ ಇದ್ದಾರೆ!

7. ಚಿತ್ರಗಳು

ಬೇಗ ಮುಗಿಯುವ ಹಂತ. ಹಂಪಿಯ ಒಡೆದ ಮೂರ್ತಿಯ ಕೆಳಗೆ "1565ರಲ್ಲಿ ಶತ್ರುಗಳು ಒಡೆದದ್ದು" ಎಂದಿದ್ದರೆ ಆಧಾರ ಕೇಳಿ. ಯುದ್ಧದ ಪೆಟ್ಟು ಇದೆ, ಆಮೇಲೆ ನಿಧಿಗಳ್ಳರು ಅಗೆದದ್ದೂ ಇದೆ. ಎರಡು ವರ್ಷದ ಮೇಲೆ ಬಂದ ಫೆಡೆರಿಚಿ ಮನೆಗಳು ನಿಂತೇ ಇವೆ, ಒಳಗೆ ಜನರಿಲ್ಲ, ಹುಲಿ ಮುಂತಾದ ಕಾಡುಪ್ರಾಣಿ ಇವೆಯಂತೆ ಎಂದು ಬರೆದ. ವಿಠ್ಠಲನ ಗುಡಿಗೆ ಪೆಟ್ಟು ಬಿತ್ತು, ವಿರೂಪಾಕ್ಷನ ಗುಡಿ ಉಳಿಯಿತು, ಇವತ್ತಿಗೂ ಪೂಜೆ ನಡೆಯುತ್ತದೆ. ಯಾಕೆ ಹೀಗೆ ಎಂಬುದಕ್ಕೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ.

ರಾಮರಾಯನ ತಲೆ ಕಡಿಯುವ ಹಳೆಯ ವರ್ಣಚಿತ್ರವೊಂದು ಎಲ್ಲ ಕಡೆ ಅಚ್ಚಾಗುತ್ತದೆ. ಅದು ಅಹ್ಮದ್‌ನಗರದ ಹುಸೇನ್ ನಿಜಾಮ್ ಶಾಹನನ್ನು ಹೊಗಳಲು ಆಫ್ತಾಬಿ ಎಂಬ ಕವಿ ಬರೆದ ಹಸ್ತಪ್ರತಿಯದು, ಈಗ ಪುಣೆಯಲ್ಲಿದೆ. ಗೆದ್ದವರ ಹೊಗಳಿಕೆಯ ಚಿತ್ರ ಎಂದು ಕೆಳಗೆ ಬರೆದಿರಬೇಕು.

8. ಮನೆಯ ನೆನಪನ್ನು ಏನು ಮಾಡಬೇಕು?

ಕಷ್ಟದ ಹಂತ ಇದು. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಮನೆತನಗಳು ನರಕ ಚತುರ್ದಶಿ ಆಚರಿಸುವುದಿಲ್ಲ. ಟಿಪ್ಪುವಿನ ಕಾಲದಲ್ಲಿ ಆ ದಿನ ತಮ್ಮವರ ಕೊಲೆಯಾಯಿತು ಎಂಬುದು ಅವರ ಮನೆಗಳಲ್ಲಿ ಉಳಿದ ನೆನಪು. ಕಾಗದದ ಸಾಕ್ಷಿ ತೆಳು. "ದಾಖಲೆ ಇಲ್ಲ, ಆದ್ದರಿಂದ ಸುಳ್ಳು" ಎಂದು ಬರೆಯುವುದು ಕ್ರೌರ್ಯ. ದೀಪ ಹಚ್ಚದ ಮನೆಯೂ ಒಂದು ಬಗೆಯ ದಾಖಲೆಯೇ. ಇಂತಿಷ್ಟು ನೂರು ಜನರನ್ನು ಇಂಥ ಮರಕ್ಕೆ ನೇತುಹಾಕಿದರು ಎಂದು ನಿಖರ ಸಂಖ್ಯೆ ಸಮೇತ ಕಣ್ಣಾರೆ ಕಂಡಂತೆ ಬರೆಯುವುದೂ ಸರಿಯಲ್ಲ. "ಈ ಮನೆತನಗಳು ಹೀಗೆ ನೆನೆಯುತ್ತವೆ" ಎಂದು ಬರೆದ ಪುಸ್ತಕ ಸಿಕ್ಕರೆ ಜೋಪಾನವಾಗಿ ಇಟ್ಟುಕೊಳ್ಳಿ.

ಊರಿನ ಕೈಫಿಯತ್ತುಗಳಿಗೂ ಇದೇ ಮಾತು. ಈಸ್ಟ್ ಇಂಡಿಯಾ ಕಂಪನಿಯ ಸರ್ವೇ ಅಧಿಕಾರಿ ಕರ್ನಲ್ ಮೆಕೆಂಜಿ 1800ರ ಆಸುಪಾಸಿನಲ್ಲಿ ತನ್ನ ಜನರಿಂದ ಬರೆಸಿಕೊಂಡ ಊರೂರಿನ ವೃತ್ತಾಂತಗಳಿವು. 1565ಕ್ಕೆ ಸಾಕ್ಷಿಯಾಗಿ ದುರ್ಬಲ. 1800ರ ಜನ 1565ನ್ನು ಹೇಗೆ ನೆನೆಯುತ್ತಿದ್ದರು ಎಂಬುದಕ್ಕೆ ಬಂಗಾರ.

9. ತಪ್ಪು ಸಿಕ್ಕರೆ ಪತ್ರ ಬರೆಯಿರಿ

ವಾಟ್ಸಾಪಿನಲ್ಲಿ ಪುಟದ ಫೋಟೊ ಹಾಕಿ ಬೈದರೆ ಪುಸ್ತಕ ಇನ್ನೂ ನಾಲ್ಕು ಪ್ರತಿ ಖರ್ಚಾಗುತ್ತದೆ, ಅಷ್ಟೇ. ಪೊಲೀಸ್ ದೂರಿನ ದಾರಿಯನ್ನು ಕೇಳುವವರೂ ಇದ್ದಾರೆ. ಧಾರ್ಮಿಕ ಭಾವನೆಗೆ ಧಕ್ಕೆಯ ಬಗೆಗಿನ, ಹಳೆಯ ಭಾರತೀಯ ದಂಡ ಸಂಹಿತೆಯ 295ಎ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ. ಅದು ಬೇಕೆಂದೇ, ದುರುದ್ದೇಶದಿಂದ ಮಾಡಿದ ಕೆಲಸಕ್ಕೆ. ತಾರೀಖು ತಪ್ಪಿದ ಲೇಖಕರ ಮೇಲೆ ಅದನ್ನು ಬೀಸುವುದು ಸೊಳ್ಳೆಗೆ ಕೋವಿ.

ಪ್ರಕಾಶಕರಿಗೆ ಒಂದು ಕಾಗದ ಸಾಕು. ಪುಟ, ಸಾಲು, ತಪ್ಪು, ಆಧಾರ, ತಿದ್ದಿದ ವಾಕ್ಯ, ಇಷ್ಟೇ ಇರಲಿ. ಬೈಗುಳ ಬೇಡ, ನಿಮ್ಮ ಜಾತಿ ಧರ್ಮದ ಪರಿಚಯವೂ ಬೇಡ. ಒಂದು ತಪ್ಪಿಗೆ ಒಂದು ಕಾಗದ. ಹತ್ತು ತಪ್ಪು ಒಟ್ಟಿಗೆ ಕಳಿಸಿದರೆ ಹತ್ತನ್ನೂ ಓದುವುದಿಲ್ಲ. ಮಾದರಿ ಹೀಗೆ:

"ಮಾನ್ಯರೇ, ನಿಮ್ಮ ಪುಸ್ತಕದ 84ನೇ ಪುಟದ ಕೊನೆಯ ಪ್ಯಾರಾದಲ್ಲಿ 'ಗಿಲಾನಿ ಸಹೋದರರ ದ್ರೋಹವನ್ನು ಫೆಡೆರಿಚಿ ಕಣ್ಣಾರೆ ಕಂಡು ಬರೆದಿದ್ದಾನೆ' ಎಂದಿದೆ. ಫೆಡೆರಿಚಿ ಬಂದದ್ದು 1567ರಲ್ಲಿ, ಕದನವಾಗಿ ಎರಡು ವರ್ಷಕ್ಕೆ. ಇಬ್ಬರು ನಾಯಕರು ಎಂದಷ್ಟೇ ಬರೆದಿದ್ದಾನೆ, ಹೆಸರು ಕೊಟ್ಟಿಲ್ಲ. ಮುಂದಿನ ಮುದ್ರಣದಲ್ಲಿ 'ಇಬ್ಬರು ಸೇನಾನಾಯಕರು ಪಕ್ಷ ಬದಲಿಸಿದರೆಂದು ಎರಡು ವರ್ಷದ ಮೇಲೆ ಬಂದ ಫೆಡೆರಿಚಿ ಕೇಳಿ ಬರೆದಿದ್ದಾನೆ' ಎಂದು ತಿದ್ದಬಹುದೇ? ಹೆಸರುಗಳಿಗೆ ಬೇರೆ ಆಕರ ಇದ್ದರೆ ದಯವಿಟ್ಟು ತಿಳಿಸಿ, ನಾನೂ ತಿದ್ದಿಕೊಳ್ಳುತ್ತೇನೆ."

ನಿಮ್ಮ ವಿಳಾಸ ಬರೆದ ಒಂದು ಪೋಸ್ಟ್‌ಕಾರ್ಡನ್ನೂ ಲಕೋಟೆಯ ಒಳಗಿಡಿ. ಉತ್ತರ ಬರುವ ಸಾಧ್ಯತೆ ಜಾಸ್ತಿ.